ಕಸ ಮಾತ್ರ ಸಾಕು, ಮನೆಯ ಸುದ್ದಿ ಬೇಡ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗಡಿನಾಡಿನ ಹೊಸಂಗಡಿಯಿಂದ ಒಳಗಿನ ಊರುಗಳಿಗೆ ಹೋಗುವ ಮೊದಲ ಬಸ್ಸು ಪಲ್ಕೆಮಾರಿನ ತಿರುವಿನಲ್ಲಿ ಇಬ್ಬರು ಹೆಂಗಸರನ್ನು ಇಳಿಸಿ ಏರು ಹತ್ತುತ್ತದೆ. ಇಬ್ಬರದೂ ಹಸಿರು ಕೋಟು, ತಲೆಗೆ ಬಿಗಿದ ಟವೆಲು, ಕಂಕುಳಲ್ಲಿ ಮಡಚಿದ ಚೀಲಗಳ ಕಟ್ಟು. ಮುಂದಿರುವವರು ಜಲಜಾಕ್ಷಿ, ವಯಸ್ಸು ಐವತ್ತರ ಆಸುಪಾಸು. ಹಿಂದಿರುವವರು ಕಿನ್ನಿ, ವಯಸ್ಸಿನಲ್ಲಿ ಹಿರಿಯರು, ನಡಿಗೆಯಲ್ಲಿ ಮಾತ್ರ ಕಿರಿಯರು. ಇಬ್ಬರೂ ಪಂಚಾಯತಿನ ಹರಿತ ಕರ್ಮ ಸೇನೆಯವರು. ಮನೆಮನೆಗೆ ಹೋಗಿ ಪ್ಲಾಸ್ಟಿಕ್ ಕಸ ಸಂಗ್ರಹಿಸುವುದು ಅವರ ಕೆಲಸ. ಇಬ್ಬನಿಗೆ ಜಾರುವ ಮುರಕಲ್ಲಿನ ಮೆಟ್ಟಿಲುಗಳ ಮೇಲೆ ನಾನು ಏದುಸಿರು ಬಿಡುತ್ತ ಅವರನ್ನು ಹಿಂಬಾಲಿಸುತ್ತಿದ್ದೇನೆ.

"ಅಕ್ಕೇ... ಪ್ಲಾಸ್ಟಿಕ್ ಉಂಟಾ?" ಜಲಜಾಕ್ಷಿಯ ಕೂಗಿಗೆ ಮೊದಲು ನಾಯಿ ಬೊಗಳುತ್ತದೆ, ಆಮೇಲೆ ಬಾಗಿಲು ತೆರೆಯುತ್ತದೆ. ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟುಗಳು, ಎಣ್ಣೆಯ ಕವರುಗಳು, ಒಡೆದ ಬಕೆಟಿನ ತುಂಡು, ಔಷಧದ ಖಾಲಿ ಪಟ್ಟಿಗಳು ಚೀಲಕ್ಕೆ ಇಳಿಯುತ್ತವೆ. ಜಗಲಿಯ ಕಂಬಕ್ಕೆ ಅಂಟಿಸಿದ ಚೌಕದ ಸ್ಟಿಕ್ಕರಿಗೆ ಕಿನ್ನಿ ಫೋನು ಹಿಡಿಯುತ್ತಾರೆ, ಅದು ಟಿಂಗ್ ಎನ್ನುತ್ತದೆ. ಮುಗಿಯಿತು, ಮುಂದಿನ ಮನೆ.

ಮೆಟ್ಟಿಲಿಳಿಯುವಾಗ ನಾನು ಸುಮ್ಮನೆ ಮಾತಿಗೆಂದು ಕೇಳುತ್ತೇನೆ: "ಈ ಮನೆಯಲ್ಲಿ ಯಾರೆಲ್ಲ ಇದ್ದಾರೆ?"

ಜಲಜಾಕ್ಷಿ ಗಕ್ಕನೆ ನಿಲ್ಲುತ್ತಾರೆ. ನನ್ನನ್ನು ಮೇಲಿಂದ ಕೆಳಗೆ ನೋಡಿ ಆಮೇಲೆ ನಗುತ್ತಾರೆ. "ಬೇಜಾರು ಮಾಡ್ಬೇಡಿ ಆಯ್ತಾ. ನನ್ನ ವಿಷಯ ಎಷ್ಟು ಬೇಕಾದ್ರೂ ಕೇಳಿ. ಮನೆಯವರ ವಿಷಯ ನನ್ನ ಹತ್ರ ಕೇಳ್ಬೇಡಿ. ನಮಗೆ ಕಸ ಮಾತ್ರ ಸಾಕು, ಮನೆಯ ಸುದ್ದಿ ಬೇಡ."

ನಾನು ಇಷ್ಟು ದೂರ ಬಂದದ್ದು ಈ ಮಾತು ಕೇಳಲಿಕ್ಕೇ! ಇದೇ ಅರ್ಥದ ಮಾತನ್ನು ಈ ಹೆಂಗಸು ಕಳೆದ ವರ್ಷ ಪಂಚಾಯತಿನ ಸಭಾಭವನದಲ್ಲಿ ಹೇಳಿದರು, ಬೈಕಿನಲ್ಲಿ ಬಂದ ಅಪರಿಚಿತನೊಬ್ಬನಿಗೆ ಹೇಳಿದರು, ಕೊನೆಗೆ ತುಂಬಿದ ಗ್ರಾಮ ಸಭೆಯಲ್ಲಿ ಮೈಕು ಹಿಡಿದು ಹೇಳಿದರು. ಕೆಲಸ ಹೋದರೂ ಮಾತು ಬದಲಿಸಲಿಲ್ಲ. ಅದರಿಂದಾಗಿ ಒಂದು ಸರ್ಕಾರಿ ಕಚೇರಿ ಜನರ ಮನೆಯೊಳಗೆ ಇಣುಕಲು ತೆರೆದಿದ್ದ ಕಿಟಕಿಯನ್ನು ಮುಚ್ಚಿಕೊಳ್ಳಬೇಕಾಯಿತು. ಪಲ್ಕೆಮಾರಿನ ಆಚೆ ಇದು ಯಾರಿಗೂ ಹೆಚ್ಚು ಗೊತ್ತಿಲ್ಲ. ಗೊತ್ತಾಗಲೇಬೇಕು.

ಜಲಜಾಕ್ಷಿಯ ಕೈ ಮೊದಲು ಪಳಗಿದ್ದು ಬೀಡಿ ಕಟ್ಟುವುದರಲ್ಲಿ. ಲಂಗ ತೊಡುವ ವಯಸ್ಸಿನಿಂದ ತೊಡೆಯ ಮೇಲೆ ಗೆರಸೆ ಇಟ್ಟುಕೊಂಡು ಕಟ್ಟಿದವರು. ಬರಬರುತ್ತ ಎಲೆ ಕಡಿಮೆಯಾಯಿತು, ಕೆಲಸ ವಾರದಲ್ಲಿ ಎರಡು ದಿನಕ್ಕೆ ಇಳಿಯಿತು, ಕೊನೆಗೆ ಎಲೆ ಕೊಡುತ್ತಿದ್ದ ಊರಿನ ಬೀಡಿ ಬ್ರ್ಯಾಂಚಿಗೆ ಬೀಗ ಬಿತ್ತು. ಗಂಡ ಚೆನ್ನಯ್ಯ ಅನಂತಪುರದ ಕೈಗಾರಿಕಾ ಪ್ರದೇಶದಲ್ಲಿ ಲಾರಿಗೆ ಸಾಮಾನು ಏರಿಸುವವರು. ಬೆನ್ನು ನೋವು ಅವರ ಸಂಬಳದಷ್ಟೇ ಖಾಯಂ. ಹಾಗಿರುವಾಗ ಹೆಂಗಸರ ಸ್ವಸಹಾಯ ಸಂಘ ಕುಟುಂಬಶ್ರೀಯ ಸಭೆಯಲ್ಲಿ ಕಸ ಸಂಗ್ರಹಕ್ಕೆ ಹೆಂಗಸರು ಬೇಕೆಂಬ ಸುದ್ದಿ ಬಂತು. ಎಲ್ಲರೂ ತಲೆ ತಗ್ಗಿಸಿ ಕುಳಿತಿದ್ದಾಗ ಮೊದಲು ಕೈ ಎತ್ತಿದವರು ಕಿನ್ನಿ, ಎರಡನೆಯವರು ಇವರು.

"ಮೊದಲ ವರ್ಷದ ಕತೆ ಕೇಳ್ಬೇಡಿ," ಎನ್ನುತ್ತಾರೆ ಜಲಜಾಕ್ಷಿ. "ಗೇಟಿನ ಹೊರಗೆ ನಿಲ್ಲಿಸ್ತಿದ್ರು. ಪರಿಚಯದವರೇ ಮುಖ ಆಚೆ ತಿರುಗಿಸಿದ್ದುಂಟು. ಮಗುವಿನ ಡೈಪರ್ ಒಳಗೆ ಅಡಗಿಸಿ ಮೇಲಿಂದ ಪ್ಲಾಸ್ಟಿಕ್ ಹಾಕಿ ಕೊಡುದು. ಒಮ್ಮೆ ಒಡೆದ ಗ್ಲಾಸು ನೇರ ಅಂಗೈಗೆ ಹೋಯ್ತು." ಅವರು ಕೈಗವಸು ಕಳಚಿ ತೋರಿಸುತ್ತಾರೆ. ಅಂಗೈಯ ಅಡ್ಡಕ್ಕೆ ಬಿಳಿಯ ಗೆರೆ. "ಆದ್ರೆ ಜನ ಕೆಟ್ಟವರಲ್ಲ. ನಾವು ಬಿಡದೆ ಹೋದದ್ದು ನೋಡಿ ಅವರೇ ಸರಿಯಾದ್ರು. ಈಗ ಮಜ್ಜಿಗೆ ಕೊಡದೆ ಕಳಿಸುದಿಲ್ಲ ಕೆಲವರು."

ದಿನಕ್ಕೆ ನಲವತ್ತರಷ್ಟು ಮನೆ. ಮಳೆಯಿರಲಿ, ಬಿಸಿಲಿರಲಿ, ತುಂಬಿದ ಚೀಲ ತಲೆಯ ಮೇಲೆ. ಸಂಜೆಯ ಹೊತ್ತಿಗೆ ಎಲ್ಲವೂ ಪಂಚಾಯತಿನ ಶೆಡ್ಡಿಗೆ ಬಂದು ಬೀಳುತ್ತದೆ. ವಾರದಲ್ಲಿ ಒಂದು ದಿನ ಕೂತು ವಿಂಗಡಣೆ. ಆಗ ಚೀಲ ಬಿಚ್ಚಿದರೆ ಮನೆಯನ್ನೇ ಬಿಚ್ಚಿದ ಹಾಗೆ. ಯಾರ ಮನೆಯಲ್ಲಿ ಮಾನಸಿಕ ಕಾಯಿಲೆಯ ಮಾತ್ರೆ ತಿನ್ನುತ್ತಾರೆ, ಯಾರು ಮಗುವಿಗಾಗಿ ಆಸ್ಪತ್ರೆ ಸುತ್ತುತ್ತಿದ್ದಾರೆ, ಯಾರಿಗೆ ಬ್ಯಾಂಕಿನಿಂದ ನೋಟಿಸು ಬಂದಿದೆ, ಯಾರು ಕದ್ದು ಕುಡಿಯುತ್ತಾರೆ ಎಲ್ಲವೂ ಕಣ್ಣಿಗೆ ಬೀಳುತ್ತದೆ. ಹೆಸರಿರುವ ಚೀಟಿ, ಆಧಾರಿನ ನಕಲು ಏನು ಸಿಕ್ಕಿದರೂ ಕಿನ್ನಿ ಸಣ್ಣ ಸಣ್ಣ ಚೂರು ಮಾಡಿಯೇ ಮುಂದಿನ ಚೀಲಕ್ಕೆ ಕೈ ಹಾಕುವುದು. ಯಾರೂ ಕಲಿಸಿದ್ದಲ್ಲ. "ನನ್ನ ಮನೆಯದ್ದು ಬೇರೆಯವರು ಓದಿದ್ರೆ ನಂಗೆ ಹೇಗಾಗ್ತದೆ?" ಎಂದು ಕೇಳಿ ಕಿನ್ನಿ ತಮ್ಮ ಪಾಡಿಗೆ ಚೀಟಿ ಹರಿಯುತ್ತಾರೆ.

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಸೇನೆಯ ಹೆಂಗಸರನ್ನೆಲ್ಲ ಪಂಚಾಯತಿನ ಸಭಾಭವನಕ್ಕೆ ಕರೆದರು. ಫೋನಿನ ಆ್ಯಪ್ ಹೊಸದಾಗಿದೆ, ತರಬೇತಿ ಉಂಟು ಎಂದರು. ಹೇಳಿಕೊಡಲು ಬಂದವನು ಉಜ್ವಲ್, ಗುತ್ತಿಗೆಯ ಮೇಲೆ ಕೆಲಸ ಮಾಡುವ ಯುವಕ, ಮೆದು ಮಾತಿನವನು. ಅಲ್ಲಿಯವರೆಗೆ ಮನೆಯ ಸ್ಟಿಕ್ಕರ್ ಸ್ಕ್ಯಾನ್ ಮಾಡಿ 'ಕಸ ಕೊಟ್ಟರು' ಎಂದು ಒತ್ತಿದರೆ ಕೆಲಸ ಮುಗಿಯುತ್ತಿತ್ತು. ಇನ್ನು ಮುಂದೆ ಹಾಗಲ್ಲ. ಮನೆಯಲ್ಲಿ ರಾತ್ರಿ ಎಷ್ಟು ಜನ ಮಲಗುತ್ತಾರೆ? ಹೊರಗಿನಿಂದ ಬಂದು ಉಳಿದವರು ಇದ್ದಾರೆಯೇ? ಅವರ ಹೆಸರು, ಫೋನ್ ನಂಬರು? ಎಷ್ಟು ದಿನದಿಂದ ಇದ್ದಾರೆ? ಅವರನ್ನು ಮನೆಯ ಎದುರು ನಿಲ್ಲಿಸಿ ಒಂದು ಫೋಟೊ. ಇಷ್ಟನ್ನೂ ತುಂಬಿಸಿದರೆ ಮಾತ್ರ ಟಿಂಗ್ ಎನ್ನುತ್ತದೆ. ಟಿಂಗ್ ಎನ್ನದ ಮನೆ ಕೆಲಸದ ಲೆಕ್ಕಕ್ಕೆ ಇಲ್ಲ.

ಹಿಂದಿನ ಬೆಂಚಿನಿಂದ ಜಲಜಾಕ್ಷಿ ಎದ್ದು ನಿಂತರು. "ಸಾರ್, ಕಸಕ್ಕೂ ರಾತ್ರಿ ಮಲಗುವವರಿಗೂ ಎಂತ ಸಂಬಂಧ?"

ಸಭೆ ನಕ್ಕಿತು. ಉಜ್ವಲ್ ಕೂಡ ನಕ್ಕ. "ಸಂಬಂಧ ಎಂತದೂ ಇಲ್ಲ ಅಕ್ಕ. ಗಡಿ ಪ್ರದೇಶ ಅಲ್ವಾ, ಮೇಲಿಂದ ಕೇಳಿದ್ದಾರೆ. ಬೇರೆಯವರು ಹೋಗಿ ಕೇಳಿದ್ರೆ ಜನ ಹೇಳುದಿಲ್ಲ. ನಿಮಗೆ ಹೇಳ್ತಾರೆ."

"ಅದನ್ನು ಯಾರೆಲ್ಲ ನೋಡುದು?"

"ಎಲ್ಲ ಕಚೇರಿಯವರಿಗೂ ನೋಡ್ಲಿಕ್ಕೆ ಆಗ್ತದೆ."

ಆ ಹುಡುಗ ಅದನ್ನೊಂದು ಸೌಲಭ್ಯವೆಂದೇ ಹೇಳಿದ್ದ. ಜಲಜಾಕ್ಷಿ ಮಾತ್ರ ಬೆಂಚಿನ ಮೇಲೆ ಮೆಲ್ಲನೆ ಕುಳಿತರು. ಅವರ ಕಣ್ಣ ಮುಂದೆ ಒಂದು ಮನೆಯ ಅರ್ಧ ತೆರೆದ ಬಾಗಿಲು ಬಂದು ನಿಂತಿತ್ತು.

ಆ ಮನೆಯ ವಿಷಯವನ್ನು ಜಲಜಾಕ್ಷಿ ನನಗೆ ಹೇಳಿದ್ದಲ್ಲ. ಎರಡು ಬಾರಿ ಕೇಳಿದೆ, ಎರಡು ಬಾರಿಯೂ ಮಾತು ಬದಲಿಸಿದರು. ಆಮೇಲೊಂದು ದಿನ ನನ್ನ ಫೋನು ರಿಂಗಾಯಿತು. "ಜಲಜಕ್ಕನ ಬಗ್ಗೆ ಬರೀತೀರಂತೆ. ನನ್ನ ಕತೆ ಇಲ್ಲದೆ ಅದು ಪೂರ್ತಿ ಆಗುದಿಲ್ಲ. ಹೆಸರು ಬದಲಿಸಿ ಬರೆಯಿರಿ," ಎಂದಿತು ಒಂದು ಹೆಣ್ಣುದನಿ. ಅವರನ್ನು ಇಲ್ಲಿ ಮೋಹಿನಿ ಎಂದು ಕರೆಯುತ್ತೇನೆ. ಗುರುತು ಹತ್ತುವ ವಿವರಗಳನ್ನು ಅವರ ಇಚ್ಛೆಯಂತೆ ಬದಲಿಸಿದ್ದೇನೆ.

ಮೋಹಿನಿಯ ಗಂಡ ಸರ್ಕಾರಿ ನೌಕರ. ಮದುವೆಯಾದ ವರ್ಷದಿಂದಲೇ ಹೊಡೆತ. ಒಂದು ದಿನ ಕಿವಿಯಿಂದ ರಕ್ತ ಬಂದಾಗ ಆಕೆ ಉಟ್ಟ ಬಟ್ಟೆಯಲ್ಲಿ ಹೊರಬಿದ್ದರು. ಪಟ್ಟಣದ ಹಾಸ್ಟೆಲೊಂದರಲ್ಲಿ ಸೇರಿಕೊಂಡು ಕೆಲಸ ಹುಡುಕುತ್ತಿದ್ದಾಗ, ಹೊಸ ವಿಳಾಸವನ್ನು ಒಂದು ಕಚೇರಿಯಲ್ಲಿ ಕೊಡಬೇಕಾಗಿ ಬಂತು. ವಾರ ಕಳೆಯುವುದರೊಳಗೆ ಗಂಡ ಹಾಸ್ಟೆಲಿನ ಗೇಟಿನಲ್ಲಿ ನಿಂತಿದ್ದ. "ಅವನು ಯಾರನ್ನೂ ಕೇಳ್ಬೇಕಾಗಿರ್ಲಿಲ್ಲ. ಅವನ ಕಚೇರಿಯ ಕಂಪ್ಯೂಟರಿನಲ್ಲಿ ನನ್ನ ನಂಬರ್ ಹಾಕಿದ, ವಿಳಾಸ ಬಂತು, ಅಷ್ಟೇ," ಎನ್ನುತ್ತಾರೆ ಮೋಹಿನಿ. ಅಲ್ಲಿಂದಲೂ ತಪ್ಪಿಸಿಕೊಂಡು ಅವರು ಬಂದದ್ದು ಪಲ್ಕೆಮಾರಿನ ಚಿಕ್ಕಮ್ಮನ ಮನೆಗೆ. ಹಗಲಿನಲ್ಲೂ ಅಂಗಳಕ್ಕೆ ಇಳಿಯುತ್ತಿರಲಿಲ್ಲ. ಕಸ ಕೊಡಲು ಚಿಕ್ಕಮ್ಮ ಹೊರಬಂದಾಗ ಬಾಗಿಲ ಸಂದಿಯಲ್ಲಿ ಕಾಣುತ್ತಿದ್ದ ಮುಖವನ್ನು ಜಲಜಾಕ್ಷಿ ನೋಡಿದ್ದರು. ಕಿವಿಗೆ ಕಟ್ಟಿದ ಬಟ್ಟೆಯನ್ನೂ ನೋಡಿದ್ದರು. ಏನೂ ಕೇಳಿರಲಿಲ್ಲ.

ಹೊಸ ಆ್ಯಪ್ ಬಂದ ಮೊದಲ ಸುತ್ತಿನಲ್ಲೇ ಆ ಮನೆ ಎದುರಾಯಿತು. ಕಿನ್ನಿ ಸ್ಟಿಕ್ಕರಿಗೆ ಫೋನು ಹಿಡಿದರು. ಪರದೆಯ ಮೇಲೆ ಪ್ರಶ್ನೆ ಮೂಡಿತು: ಹೊರಗಿನಿಂದ ಬಂದು ಉಳಿದವರು ಇದ್ದಾರೆಯೇ? ಹೌದು, ಇಲ್ಲ. ಬಾಗಿಲ ಸಂದಿಯಲ್ಲಿ ಅದೇ ಮುಖ. ಕಿನ್ನಿ ಜಲಜಾಕ್ಷಿಯನ್ನು ನೋಡಿದರು. ಜಲಜಾಕ್ಷಿ ಫೋನು ತೆಗೆದುಕೊಂಡು ಆಫ್ ಮಾಡಿ ಕೋಟಿನ ಕಿಸೆಗೆ ಹಾಕಿದರು.

"ಎಂತ ಮಾಡುದೀಗ?" ಕಿನ್ನಿ ಕೇಳಿದರು.

"ಕಸ ತೆಗೆಯುದು."

'ಇಲ್ಲ' ಎಂದು ಒತ್ತಿಬಿಟ್ಟಿದ್ದರೆ ಸುಲಭವಾಗುತ್ತಿರಲಿಲ್ಲವೇ ಎಂದು ನಾನು ಕೇಳಿದ್ದುಂಟು. ಜಲಜಾಕ್ಷಿ ಅಲ್ಲವೆಂದು ತಲೆಯಾಡಿಸಿದರು. "ಒಂದು ಮನೆಗೆ ಸುಳ್ಳು ಹೇಳಿ ತಪ್ಪಿಸಬಹುದು. ಉಳಿದ ಮನೆಯದ್ದು ಬರೆದ್ರೆ ಅಲ್ಲಿ ಯಾರಿಗೆ ಎಂತ ಕಷ್ಟ ಉಂಟು ಅಂತ ನಂಗೆ ಗೊತ್ತುಂಟಾ? ಒಬ್ಬರದ್ದೂ ಬರೆಯುದು ಬೇಡ ಅಂತ ಮಾಡಿದೆ." ಆ ದಿನದಿಂದ ಅವರು ಪ್ರತಿ ಮನೆಯ ಅಂಗಳದಲ್ಲೂ ನಿಂತು ಹೇಳತೊಡಗಿದರು: "ಅಕ್ಕ, ಇದರಲ್ಲಿ ಹೀಗೆಲ್ಲ ಕೇಳ್ತಾರೆ. ನಾನು ಬರೆಯುದಿಲ್ಲ. ನಿಮಗೆ ಕೊಡ್ಬೇಕು ಅಂತ ಇದ್ರೆ ನೀವೇ ಪಂಚಾಯತಿಗೆ ಹೋಗಿ ಕೊಡಿ." ಹೆಚ್ಚಿನವರಿಗೆ ಇಂಥದ್ದೊಂದು ಪ್ರಶ್ನೆ ಇದೆಯೆಂಬುದೇ ಗೊತ್ತಿರಲಿಲ್ಲ.

ಕಚೇರಿಯ ಕಂಪ್ಯೂಟರಿನಲ್ಲಿ ಅವರ ವಾರ್ಡು ಖಾಲಿ ಕಾಣಿಸಿತು. ಉಜ್ವಲ್ ಫೋನ್ ಮಾಡಿದ, ಬೇಡಿಕೊಂಡ, ತನಗೂ ಮೇಲಿನಿಂದ ಬೈಗುಳ ಬರುತ್ತಿದೆ ಎಂದ. ಜಲಜಾಕ್ಷಿ ಅವನಿಗೆ ಬೈಯಲಿಲ್ಲ. ಬರೆಯುವುದಿಲ್ಲ ಎಂಬ ಮಾತನ್ನು ಮಾತ್ರ ಬಿಡಲಿಲ್ಲ. ಮನೆಯಲ್ಲಿ ಚೆನ್ನಯ್ಯ ಹೆದರಿದ್ದರು. "ಸರ್ಕಾರದ ಹತ್ರ ಜಗಳ ನಮಗೆ ಎಂತಕ್ಕೆ ಮಾರಾಯ್ತಿ? ಎಲ್ಲರೂ ಬರೀತಾರೆ, ನೀನೂ ಬರಿ," ಎಂದು ಅವರು ಬೆಳಿಗ್ಗೆ ಬುತ್ತಿ ಕಟ್ಟುವಾಗಲೆಲ್ಲ ಹೇಳುತ್ತಿದ್ದರು. ಈಗ ಅದನ್ನು ನೆನಪಿಸಿದರೆ ಅವರು ನಾಚಿ ನಗುತ್ತಾರೆ.

ಆಮೇಲೆ ಬಂದವನು ಆ ಬೈಕಿನವನು. ಇಸ್ತ್ರಿ ಹಾಕಿದ ಅಂಗಿ, ಕೈಯಲ್ಲಿ ದೊಡ್ಡ ಫೋನು. ತಾನು ಸರ್ವೆಯವನು, ಮೇಲಿನ ಕಚೇರಿಯಿಂದ ಬಂದದ್ದು ಎಂದ. "ನೀವು ಬರೆಯುದು ಬೇಡ. ನಾನು ನಿಮ್ಮ ಹಿಂದೆ ಬರ್ತೇನೆ. ಕಸ ಕೇಳಿ ಬಾಗಿಲು ತೆಗೆಸಿ, ಉಳಿದದ್ದು ನಾನು ನೋಡ್ಕೊಳ್ತೇನೆ. ಹೊರಗಿನವರು ಇರುವ ಮನೆ ಯಾವುದು ಅಂತ ತೋರಿಸಿದ್ರೆ ಸಾಕು," ಎಂದ. ಆಗ ಅವರು ನಿಂತಿದ್ದದ್ದು ಮೋಹಿನಿ ಇದ್ದ ಮನೆಗೆ ಹೋಗುವ ಓಣಿಯ ಬಾಯಿಯಲ್ಲಿ. ಎರಡೂ ಕಡೆ ಮುರಕಲ್ಲಿನ ಎತ್ತರದ ಗೋಡೆ, ನಡುವೆ ಒಬ್ಬರು ನಡೆಯುವಷ್ಟು ದಾರಿ.

"ಅವನು ಮುಂದೆ ಹೋಗ್ಬಾರ್ದು ಅಂತ ಮಾತ್ರ ತಲೆಯಲ್ಲಿತ್ತು," ಎನ್ನುತ್ತಾರೆ ಜಲಜಾಕ್ಷಿ, ಆ ಜಾಗವನ್ನು ನನಗೆ ತೋರಿಸದೆಯೇ. "ಕಿನ್ನಿಯಕ್ಕನ ಹತ್ರ, ಚೀಲ ಇಳಿಸಿ ಅಂದೆ. ಅವರು ಇಳಿಸಿದ್ರು. ನಾನೂ ಇಳಿಸಿದೆ. ದಾರಿ ಪೂರ್ತಿ ಬಂದ್ ಆಯ್ತು."

ಚೀಲಗಳ ಮುಂದೆ ನಿಂತು ಅವರು ಆತನಿಗೆ ಹೇಳಿದ್ದನ್ನು ಕಿನ್ನಿ ಶೆಡ್ಡಿನಲ್ಲಿ ಅಭಿನಯಿಸಿ ತೋರಿಸಿದರು, ಸೊಂಟಕ್ಕೆ ಕೈ ಇಟ್ಟು. "ಅಣ್ಣ, ನಿಮಗೆ ಮನೆ ನೋಡ್ಬೇಕಾದ್ರೆ ನೀವೇ ಹೋಗಿ ಬಾಗಿಲು ಬಡಿಯಿರಿ. ನಿಮ್ಮ ಹೆಸರು ಹೇಳಿ, ಯಾವ ಕಚೇರಿ ಹೇಳಿ, ಕಾಗದ ತೋರಿಸಿ. ನನ್ನ ಹಸಿರು ಕೋಟಿನ ಹಿಂದೆ ಅಡಗಿ ಬರುದು ಬೇಡ. ಜನ ಬಾಗಿಲು ತೆಗೆಯುದು ನಂಗೆ, ನಿಮಗಲ್ಲ." ಆತ ದನಿ ಏರಿಸಿದ. ಕೆಲಸ ತೆಗೆಸುತ್ತೇನೆ ಎಂದ. ಕಿನ್ನಿ ಅದಕ್ಕಿಂತ ಎತ್ತರದ ದನಿಯಲ್ಲಿ ತುಳುವಿನಲ್ಲಿ ಶುರುಮಾಡಿದರು. ಮೇಲಿನ ಜಗಲಿಗಳಲ್ಲಿ ಒಂದೊಂದೇ ತಲೆ ಕಾಣಿಸಿತು. "ಎಂತ ಜಲಜಕ್ಕಾ? ಯಾರದು?" ಎಂದು ಯಾರೋ ಕೂಗಿದರು. ಕಾಗದ ತೋರಿಸು ಎಂದರೆ ಆತನಲ್ಲಿ ಕಾಗದ ಇರಲಿಲ್ಲ. ಬೈಕು ತಿರುಗಿತು.

ಗೋಡೆಯಾಚೆ, ಹಿತ್ತಿಲ ಬಾಗಿಲ ಹಿಂದೆ ನಿಂತು ಮೋಹಿನಿ ಇದೆಲ್ಲವನ್ನೂ ಕೇಳುತ್ತಿದ್ದರು. "ನನಗಾಗಿ ಒಬ್ಬರು ಹಾಗೆ ಅಡ್ಡ ನಿಂತದ್ದು ಅದೇ ಮೊದಲು," ಎಂದು ಅವರು ಫೋನಿನಲ್ಲಿ ಹೇಳಿದರು.

ಮರುದಿನವೇ ಪಂಚಾಯತಿನವರು, ವಿವರ ತುಂಬಿಸಿಲ್ಲವೆಂದು, ಜಲಜಾಕ್ಷಿಯನ್ನು ಕರೆಸಿ ಫೋನು, ಕೋಟು ಎರಡನ್ನೂ ವಾಪಸು ಪಡೆದರು. ಮುಂದಿನ ಆದೇಶದವರೆಗೆ ಬರುವುದು ಬೇಡ ಎಂದರು. ಬೇರೆ ವಾರ್ಡಿನಿಂದ ಇಬ್ಬರನ್ನು ಪಲ್ಕೆಮಾರಿಗೆ ಕಳಿಸಿದರು. ಕಿನ್ನಿ ಅವರ ಜೊತೆ ಹೋಗಲು ಒಪ್ಪದೆ ಮನೆಯಲ್ಲಿ ಕುಳಿತರು. ಆಗ ಯಾರೂ ಎಣಿಸದ್ದು ನಡೆಯಿತು. ಹೊಸಬರು ಬಾಗಿಲು ಬಡಿದರೆ ಜನ ಕಸ ಕೊಡಲಿಲ್ಲ! "ಜಲಜಕ್ಕ ಬರ್ಲಿ, ಕೊಡ್ತೇವೆ," ಎಂದಳು ಒಬ್ಬಳು. ಪಕ್ಕದ ಮನೆಯವಳೂ ಅದನ್ನೇ ಹೇಳಿದಳು. ಯಾರೂ ಸಭೆ ಸೇರಿ ತೀರ್ಮಾನಿಸಿದ್ದಲ್ಲ, ಬೇಲಿಯ ಮೇಲಿನಿಂದ ಮಾತು ದಾಟಿದ್ದು ಅಷ್ಟೇ. ಕೆಲವೇ ದಿನಗಳಲ್ಲಿ ಗೇಟುಗಳ ಒಳಗೆ ಕಟ್ಟಿಟ್ಟ ಚೀಲಗಳು ಸಾಲಾಗಿ ಕುಳಿತವು. ಬಂದ ಇಬ್ಬರು ಹೆಂಗಸರು ಖಾಲಿ ಕೈಯಲ್ಲಿ ಬಸ್ಸು ಹತ್ತಿದರು. ಹೋಗುವ ಮೊದಲು ಜಲಜಾಕ್ಷಿಯ ಮನೆಗೆ ಬಂದು ಕಾಫಿ ಕುಡಿದು, ತಾವೂ ಇನ್ನು ಬರೆಯುವುದಿಲ್ಲ ಎಂದು ಹೇಳಿದರು.

ಹೊಸಂಗಡಿಯಲ್ಲಿ ಸಣ್ಣ ಕಚೇರಿ ಇಟ್ಟುಕೊಂಡಿರುವ ಯುವ ವಕೀಲೆ ಪೂಜಾಶ್ರೀಯವರ ಕಿವಿಗೆ ಈ ಸುದ್ದಿ ಬಿದ್ದದ್ದು ಬಸ್ ನಿಲ್ದಾಣದಲ್ಲಿ. ಅವರು ತಾವಾಗಿಯೇ ಪಲ್ಕೆಮಾರಿನ ಜಲಜಾಕ್ಷಿಯ ಮನೆಗೆ ಬಂದರು. "ನಾನು ಓದಿದ ಕಾನೂನು ನನ್ನ ಎದುರು ಬೀಡಿ ಕಟ್ಟಿದ ಬೆರಳಿನಲ್ಲಿ ಚಾ ಸೋಸುತ್ತಿತ್ತು," ಎಂದು ಪೂಜಾಶ್ರೀ ಉತ್ಸಾಹದಿಂದ ಹೇಳುತ್ತಾರೆ. "ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಜನ ಕಸಕ್ಕಾಗಿ ತೆರೆದ ಬಾಗಿಲಿನಿಂದ ಒಳಗೆ ಕಣ್ಣಿಡುವುದು ಸರಿಯಾ? ಯಾವ ಆದೇಶದ ಮೇಲೆ ಈ ಪ್ರಶ್ನೆ ಸೇರಿಸಿದ್ದೀರಿ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿದೆ." ಉತ್ತರಕ್ಕಾಗಿ ಕಾಯುತ್ತಿದ್ದಾಗಲೇ ಗ್ರಾಮ ಸಭೆಯ ದಿನ ಬಂತು.

ಶಾಲೆಯ ಹಾಲ್ ತುಂಬಿ ಜನ ವರಾಂಡದಲ್ಲಿ ನಿಂತಿದ್ದರು. ಎಲ್ಲರೂ ಜಲಜಾಕ್ಷಿಯ ಪರ ಇರಲಿಲ್ಲ. ಗಲ್ಫಿನಿಂದ ಮರಳಿ ಬಂದು ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಗುಣಪಾಲ ಎದ್ದು ಕೇಳಿದ ಪ್ರಶ್ನೆ ಹಲವರ ಮನಸ್ಸಿನಲ್ಲಿದ್ದದ್ದೇ. "ಗಡಿ ಊರು ಇದು. ಯಾರ್ಯಾರೋ ಬರ್ತಾರೆ, ಹೋಗ್ತಾರೆ. ಸರ್ಕಾರಕ್ಕೆ ಗೊತ್ತಿದ್ರೆ ಒಳ್ಳೆದೇ ಅಲ್ವಾ? ತಪ್ಪು ಮಾಡದವರಿಗೆ ಹೆದರಿಕೆ ಎಂತಕ್ಕೆ? ಜಲಜಕ್ಕ, ಇದರಿಂದ ಯಾರಿಗೆ ತೊಂದ್ರೆ ಉಂಟು, ಒಬ್ಬರ ಹೆಸರು ಹೇಳಿ ನೋಡುವಾ."

ಅಷ್ಟರಲ್ಲಿ ಮೋಹಿನಿಯ ಚಿಕ್ಕಮ್ಮನೇ ಬಂದು ಎಲ್ಲವನ್ನೂ ಹೇಳಿದ್ದರು; ಹೆಸರು ಜಲಜಾಕ್ಷಿಯ ನಾಲಗೆಯ ತುದಿಯಲ್ಲಿತ್ತು. ಆ ಒಂದು ಹೆಸರು, ಆ ಒಂದು ಕಿವಿಯ ಕತೆ ಹೇಳಿದ್ದರೆ ಇಡೀ ಹಾಲ್ ಆ ಕ್ಷಣವೇ ಅವರ ಕಡೆ ವಾಲುತ್ತಿತ್ತು. ಮೋಹಿನಿಯ ಚಿಕ್ಕಮ್ಮ ಮೂರನೇ ಸಾಲಿನಲ್ಲಿ ಮುಖ ಬಿಳುಚಿಕೊಂಡು ಕುಳಿತಿದ್ದರು. "ನಾನು ಆ ಕಡೆ ನೋಡ್ಲೇ ಇಲ್ಲ," ಎನ್ನುತ್ತಾರೆ ಜಲಜಾಕ್ಷಿ. "ನೋಡಿದ್ರೆ ಜನರ ಕಣ್ಣೂ ಅಲ್ಲಿಗೆ ಹೋಗ್ತದೆ." ಅವರು ಮೈಕು ಹಿಡಿದು ಗುಣಪಾಲರ ಕಡೆಗೇ ತಿರುಗಿ ನಿಂತರು. ಹಿಂದಿನಿಂದ ಯಾರೋ ಗೇಲಿ ಮಾಡಿದರು. ಕಿನ್ನಿ ಎದ್ದು ನಿಂತು ಅತ್ತ ಕೆಂಗಣ್ಣು ಬಿಟ್ಟರು.

ಕೊನೆಗೆ ಜಲಜಾಕ್ಷಿ ಬಾಯಿ ತೆರೆದರು. "ಗುಣಪಾಲಣ್ಣ, ನಾನು ಯಾರ ಹೆಸರೂ ಹೇಳ್ಲಿಕ್ಕಿಲ್ಲ. ಒಂದು ಕೆಲಸ ಮಾಡುವಾ. ಈ ವರ್ಷ ನಿಮ್ಮ ಮನೆಯ ಚೀಲದಲ್ಲಿ ಎಂತೆಲ್ಲ ಇತ್ತು ಅಂತ ಈಗ ಮೈಕಿನಲ್ಲಿ ಹೇಳ್ಲಾ?"

ಗುಣಪಾಲರ ಎರಡೂ ಕೈ ಮೇಲೆದ್ದವು. "ಬೇಡ ಮಾರಾಯ್ತಿ, ಬೇಡ!" ನಗು ಸಿಡಿದು ಹಂಚಿನ ಮಾಡಿಗೆ ಬಡಿಯಿತು. ನಗು ನಿಲ್ಲುವವರೆಗೆ ಕಾದು ಜಲಜಾಕ್ಷಿ ಮೆಲ್ಲನೆ ಹೇಳಿದರು: "ಹೆದರ್ಬೇಡಿ, ಹೇಳುದಿಲ್ಲ. ನಿಮ್ಮ ಚೀಲದಲ್ಲಿ ತಪ್ಪಿನದ್ದು ಎಂತದೂ ಇಲ್ಲ ಅಣ್ಣ. ತಪ್ಪಿಲ್ಲದಿದ್ರೂ ಎಲ್ಲರಿಗೂ ಹೇಳುವಂಥದ್ದಲ್ಲ, ಅಲ್ವಾ? ನಾನು ಕೇಳುದೂ ಅಷ್ಟೇ. ನಿಮ್ಮ ಚೀಲ ನೋಡಿ ನಾನು ಬಾಯಿ ಮುಚ್ಚಿದ್ದೇನೆ. ಸರ್ಕಾರದ ಫೋನಿಗೆ ಮಾತ್ರ ಯಾಕೆ ಬಾಯಿ ಬಿಡ್ಬೇಕು?"

ಹೆಚ್ಚುವರಿ ಪ್ರಶ್ನೆಗಳನ್ನು ತೆಗೆಯಬೇಕು, ಜಲಜಾಕ್ಷಿಯನ್ನು ಕೆಲಸಕ್ಕೆ ಕರೆಯಬೇಕು, ಈಗಾಗಲೇ ಸಂಗ್ರಹಿಸಿದ್ದನ್ನು ಅಳಿಸಬೇಕು ಎಂಬ ನಿರ್ಣಯಕ್ಕೆ ಮೊದಲು ಕೈ ಎತ್ತಿದವರು ಯಾರು ಗೊತ್ತೇ? ಗುಣಪಾಲ! ಮೊನ್ನೆ ಅಂಗಡಿಯಲ್ಲಿ ಭೇಟಿಯಾದಾಗ ಅವರು ಹೊಟ್ಟೆ ಹಿಡಿದು ನಕ್ಕರು. "ತಲೆಗೆ ಹಚ್ಚುವ ಕರಿ ಬಣ್ಣದ ಪ್ಯಾಕೆಟ್ ಮಾರಾಯ್ರೆ, ಬೇರೆ ಎಂತದೂ ಅಲ್ಲ. ಆ ದಿನ ನನ್ನ ಬೆವರು ನೋಡ್ಬೇಕಿತ್ತು." ಇದನ್ನು ಬರೆಯಬಹುದೇ ಎಂದೆ. "ಬರೆಯಿರಿ. ಈಗ ಹೆಂಡತಿಗೂ ಗೊತ್ತುಂಟು."

ಮಾಹಿತಿ ಹಕ್ಕಿನ ಉತ್ತರ ಅದಾದ ಮೇಲೆ ಬಂತು. ಆ ಪ್ರಶ್ನೆಗಳನ್ನು ಪ್ರಾಯೋಗಿಕವಾಗಿ ಸೇರಿಸಲಾಗಿತ್ತು, ಅದಕ್ಕೆ ಲಿಖಿತ ಆದೇಶ ಇಲ್ಲ, ಸ್ಥಳಕ್ಕೆ ಯಾರನ್ನೂ ಸರ್ವೆಗೆ ಕಳಿಸಿಲ್ಲ. ಹಾಗಾದರೆ ಆ ಬೈಕಿನವನು ಯಾರು? ಇವತ್ತಿಗೂ ಗೊತ್ತಿಲ್ಲ. ಇತರ ವಾರ್ಡುಗಳಲ್ಲಿ ಆಗಲೇ ತುಂಬಿಸಿದ್ದ ವಿವರಗಳನ್ನು ಅಳಿಸಿದ್ದೇವೆ ಎಂದು ಕಚೇರಿ ಬರೆದುಕೊಟ್ಟಿದೆ. ಅಳಿಸಿದ್ದಕ್ಕೆ ಪುರಾವೆ ಕೊಡಿ ಎಂದು ಪೂಜಾಶ್ರೀ ಇನ್ನೂ ಬೆನ್ನು ಬಿಟ್ಟಿಲ್ಲ. ಜಲಜಾಕ್ಷಿ ಕೆಲಸವಿಲ್ಲದೆ ಕಳೆದ ದಿನಗಳಿಗೆ ಯಾರೂ ಕ್ಷಮೆ ಕೇಳಿಲ್ಲ. ಉಜ್ವಲ್ ಮಾತ್ರ ಒಂದು ಬೆಳಿಗ್ಗೆ ಶೆಡ್ಡಿಗೆ ಬಂದು ಕೋಟು, ಫೋನು ಎರಡನ್ನೂ ತಾನೇ ಕೈಗೆ ಕೊಟ್ಟು, "ಹಳೆಯ ಆ್ಯಪ್ಪೇ ಹಾಕಿದ್ದೇನೆ ಅಕ್ಕ, ನೋಡಿ," ಎಂದ. ಕಿನ್ನಿ ಹತ್ತಿರದ ಮನೆಯ ಸ್ಟಿಕ್ಕರಿಗೆ ಹಿಡಿದು ನೋಡಿದರು. ಟಿಂಗ್!

ಆ ವಾರವೇ ಓಣಿಯ ಆ ಮನೆಯ ಮುಂದೆ ನಿಂತು ಜಲಜಾಕ್ಷಿ ಎಂದಿನಂತೆ ಕೂಗಿದರು. ಬಾಗಿಲು ಪೂರ್ತಿ ತೆರೆಯಿತು. ಚಿಕ್ಕಮ್ಮನಲ್ಲ, ಮೋಹಿನಿಯೇ ಅಂಗಳಕ್ಕೆ ಇಳಿದು ಬಂದರು. ಕೈಯಲ್ಲಿ ತೊಳೆದು ಮಡಚಿಟ್ಟ ಕವರುಗಳು. "ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದಳು. ಎಷ್ಟು ಸಮಯ ಆಗಿತ್ತೋ ಬಿಸಿಲು ನೋಡದೆ," ಎಂದು ಹೇಳಿದವರು ಕಿನ್ನಿ, ಮೋಹಿನಿ ಒಪ್ಪಿದ ಮೇಲೆ. ಈಗ ಮೋಹಿನಿಗೆ ನ್ಯಾಯಾಲಯದ ರಕ್ಷಣೆ ಇದೆ, ಬೇರೊಂದು ಊರಿನಲ್ಲಿ ಕೆಲಸ ಇದೆ. ಆ ಊರು ಯಾವುದೆಂದು ನಾನು ಕೇಳಲಿಲ್ಲ. ಪಲ್ಕೆಮಾರಿಗೆ ಬಂದ ಮೇಲೆ ನಾನೂ ಅಷ್ಟು ಕಲಿತಿದ್ದೇನೆ.

ಹೊತ್ತು ಏರಿದೆ. ಮುಂದಿನ ಶನಿವಾರ ಕುಂಜತ್ತೂರು ಕಡೆಯ ಸೇನೆಯ ಹೆಂಗಸರು ಜಲಜಾಕ್ಷಿಯನ್ನು ಮಾತಾಡಲು ಕರೆದಿದ್ದಾರೆ. ಅಲ್ಲಿ ಹೇಳಬೇಕಾದ್ದನ್ನು ಅವರು ದಾರಿಯುದ್ದಕ್ಕೂ ಕಿನ್ನಿಯ ಮೇಲೆ ಪ್ರಯೋಗಿಸುತ್ತಿದ್ದಾರೆ. ಕಿನ್ನಿ, "ಅಷ್ಟು ಜೋರು ಬೇಡ, ಅವರಿಗೆ ಕಿವಿ ಉಂಟು," ಎಂದು ತಿದ್ದುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಜಲಜಾಕ್ಷಿ ತಕ್ಷಣ ಹೇಳುತ್ತಾರೆ: ಶೆಡ್ಡಿಗೆ ಒಂದು ನೀರಿನ ನಳ್ಳಿ ಬೇಕು, ಕೈ ತೊಳೆಯಲು ದೂರದ ಬಾವಿಗೆ ಹೋಗಬೇಕಾಗುತ್ತದೆ.

ಹೊರಡುವ ಮುನ್ನ ನಾನು ಕೇಳುತ್ತೇನೆ: "ನಿಮ್ಮ ಹೆಸರನ್ನೂ ಬದಲಿಸಿ ಬರೆಯಲೇ?"

ಅವರಿಗೆ ಆಶ್ಚರ್ಯ. "ಯಾಕೆ? ನೀವು ಕೇಳಿದ್ರಿ, ನಾನು ಕೊಡ್ತಾ ಇದ್ದೇನೆ. ಹಾಗೆ ಕೊಟ್ರೆ ಎಂತ ತೊಂದ್ರೆ ಇಲ್ಲ." ಚೀಲವನ್ನು ತಲೆಗೇರಿಸಿ ಎರಡು ಹೆಜ್ಜೆ ಹೋದವರು ನಿಂತು ತಿರುಗುತ್ತಾರೆ. "ಆದ್ರೆ ಸರಿಯಾಗಿ ಬರೆಯಿರಿ. ರೇಷನ್ ಕಾರ್ಡಿನಲ್ಲಿ ಜಲಜಾಶಿ ಅಂತ ಉಂಟು, ವೋಟಿನ ಕಾರ್ಡಿನಲ್ಲಿ ಜಲಜಾಚಿ. ಜಲಜಾಕ್ಷಿ. ಕ್ಷ ಸರಿ ಹಾಕಿ ಆಯ್ತಾ."